ಕೋಣೆಯೇ ವಾದ್ಯವಾದ ಕಥೆ



ನಮ್ಮ ಸಾಣಾಪುರಕ್ಕ ಬರೋ ಪ್ರವಾಸಿಗರು ಕೆರೆ ಹತ್ತಿರ ಬಂಡೆ ಮೇಲೆ ಕುಂತು ಗಿಟಾರ್ ಬಾರಿಸೋದನ್ನ ನಾವೆಲ್ಲ ನೋಡೀವಿ. ಗಿಟಾರ್, ಡ್ರಮ್ ಇಟ್ಟುಕೊಂಡು ನಾಲ್ಕೈದು ಮಂದಿ ಕೂಡಿ ಹಾಡುವ ಒಂದು ಬಗೆಯ ತಂಡಕ್ಕೆ ರಾಕ್ ಬ್ಯಾಂಡ್ ಎನ್ನುತ್ತಾರೆ. ಇಂಥ ತಂಡಗಳು ಸ್ಟುಡಿಯೋದಲ್ಲಿ ಪ್ರಯೋಗ ಮಾಡಿ ಹಾಡು ತಯಾರಿಸುತ್ತವೆ. "ಅದು ಮಶೀನಿನ ಹಾಡು, ಖರೇ ಹಾಡಲ್ಲ" ಅಂತ ನಮ್ಮೂರ ಭಜನಿ ಹಿರಿಯರು ಹೇಳ್ತಾರ. ಅದು ಹೌದೋ ಅಲ್ಲೋ ವಿಚಾರ ಮಾಡೋಣ.

ಇಂಗ್ಲೆಂಡಿನ ಬೀಟಲ್ಸ್ ತಂಡದಲ್ಲಿ ನಾಲ್ವರಿದ್ದರು. 1963ರ ಫೆಬ್ರವರಿಯಲ್ಲಿ ಮೊದಲ ಆಲ್ಬಮ್‌ನ 10 ಹಾಡುಗಳನ್ನು ಅವರು ಒಂದೇ ದಿನದಲ್ಲಿ ಮುಗಿಸಿದರು. ವೇದಿಕೆ ಮೇಲೆ ಹಾಡಿದಂಗ ಮೈಕ್ ಮುಂದ ಹಾಡಿದರು, ಅಷ್ಟೆ.

1966ರ ಏಪ್ರಿಲ್‌ನಲ್ಲಿ 'ಟುಮಾರೋ ನೆವರ್ ನೋಸ್' ಎಂಬ ಹಾಡಿಗೆ ಬೇರೆ ದಾರಿ ಹಿಡಿದರು. ಟೇಪಿನ ತುಂಡಿನ ಎರಡೂ ತುದಿ ಬಳೆಯಂತೆ ಅಂಟಿಸಿ ತಿರುಗಿಸಿದರು. ತಿರುಗಿದಷ್ಟು ಹೊತ್ತೂ ಅದೇ ಸದ್ದು ಮತ್ತೆ ಮತ್ತೆ ಬರುತ್ತದೆ. ಟೇಪ್ ಜೋರಾಗಿ ಓಡಿಸಿದರ ದನಿ ಸಣ್ಣ ಆಗತೈತಿ, ನಿಧಾನ ಓಡಿಸಿದರ ದಪ್ಪ ಆಗತೈತಿ. ಹಿಂದುಮುಂದಾಗಿಯೂ ಓಡಿಸಿದರು. ಆ ಹಾಡಿನೊಳಗ ಶ್ರುತಿ ಹಿಡಿದದ್ದು ನಮ್ಮ ದೇಶದ ತಂಬೂರಿ!

ಅದೇ ವರ್ಷ ಆಗಸ್ಟ್ ನಂತರ ಊರೂರು ತಿರುಗಿ ಹಾಡುವುದನ್ನು ಬಿಟ್ಟರು. 1967ರ 'ಸಾರ್ಜೆಂಟ್ ಪೆಪ್ಪರ್ಸ್' ಆಲ್ಬಮ್‌ಗೆ ಸುಮಾರು 5 ತಿಂಗಳು ಹಿಡಿಯಿತು. ಅವರ ಟೇಪಿನಲ್ಲಿ 4 ಟ್ರ್ಯಾಕ್, ಅಂದರೆ 4 ಸಾಲು ಮಾತ್ರ ಇದ್ದವು. ಡ್ರಮ್, ಗಿಟಾರ್, ದನಿ ಹೀಗೆ ಬೇರೆ ಬೇರೆ ಸಾಲಿನಲ್ಲಿ ತುಂಬಬೇಕು. ನಾಲ್ಕೂ ತುಂಬಿದ ಮೇಲೆ ಕೂಡಿಸಿ ಇನ್ನೊಂದು ಟೇಪಿನ ಒಂದೆರಡು ಸಾಲಿಗೆ ಇಳಿಸುತ್ತಿದ್ದರು. ಉಳಿದ ಸಾಲು ಮತ್ತೆ ಖಾಲಿ! ಆದರೆ ಪ್ರತಿ ಸಲ ಇಳಿಸಿದಾಗ ಟೇಪಿನ 'ಸುಸ್' ಸದ್ದು ಹೆಚ್ಚಾಗುತ್ತದೆ. ಕೂಡಿಸಿದ್ದನ್ನು ಬಿಡಿಸಲಿಕ್ಕೂ ಬರೋದಿಲ್ಲ.

ನಮ್ಮ ಜಿಲ್ಲೆಯ ಕಿನ್ನಾಳದ ಗೊಂಬೆ ನೆನಪು ಮಾಡಿಕೊಳ್ಳಿ. ಹಗುರ ಕಟ್ಟಿಗೆ, ಅದರ ಮೇಲೆ ಹುಣಸೆಬೀಜದ ಅಂಟು, ಆಮೇಲೆ ಬಣ್ಣ. ಪದರು ಪದರಾಗಿ ಮಾಡ್ಯಾರಂತ ಗೊಂಬೆ ಸುಳ್ಳು ಆಗತೈತೇನು? ಹಾಡೂ ಹಂಗೇ. ಅಲ್ಲಿ ಸ್ಟುಡಿಯೋನೂ ಒಂದು ವಾದ್ಯ.

ಕನ್ನಡದಲ್ಲೂ ಹೊಸತನ ಬಂದೈತಿ. ರಘು ದೀಕ್ಷಿತರ ತಂಡ 2008ರ ಮೊದಲ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ತತ್ವಪದಗಳನ್ನು ಹೊಸ ವಾದ್ಯಗಳ ಜೊತೆ ಹಾಡಿತು. ಶರೀಫರು ತೀರಿಕೊಂಡದ್ದು 1889ರಲ್ಲಿ. ಮಾಳಿಗೆ ಸೋರುವ ಪದ ಅಷ್ಟು ವರ್ಷದ ಮೇಲೆ ಗಿಟಾರ್ ಏರಿತು!

ಆದರೂ ಹಿರಿಯರ ಮಾತಿನಲ್ಲಿ ಅರ್ಧ ಸತ್ಯ ಐತಿ. ಭಜನಿಯಲ್ಲಿ ಯಾರು ಬಂದರೂ ತಾಳ ಹಿಡಿದು ದನಿ ಕೂಡಿಸಬಹುದು. ಸ್ಟುಡಿಯೋದಾಗ ಒಬ್ಬನೇ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹಾಡಬೇಕಾಗತೈತಿ.

ನೀವೂ ಪ್ರಯೋಗ ಮಾಡಿ ನೋಡಿ. ಒಂದು ಫೋನಿನಲ್ಲಿ ತಾಳ ರೆಕಾರ್ಡ್ ಮಾಡಿ. ಅದನ್ನು ಹಚ್ಚಿ, ಅದರ ಜೊತೆ ಹಾಡುತ್ತಾ ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಿ. ಎರಡು ಪದರು ಆದವು! ಆದರೆ ನಿಮ್ಮ ಅಮ್ಮನ ಬೀಸುವ ಪದ ತಗೊಂಡರೆ ಒಂದು ಮಾತು ನೆನಪಿರಲಿ. ಮೊದಲು ಆಕಿ ಹಾಡಿದ್ದನ್ನು ಹಾಡಿದಂಗೇ ಒಂದು ಕಡೆ ತೆಗೆದಿಡಿ. ಆಮೇಲೆ ಅದರ ನಕಲಿನ ಮೇಲೆ ಏನು ಬೇಕಾದರೂ ಆಟ ಆಡಿ. ನಮ್ಮ ಪ್ರಯೋಗ ಕೆಟ್ಟರೆ ಮತ್ತೆ ಮಾಡಬಹುದು. ಬೀಸುವ ಪದ ಬಲ್ಲವರು ಮಾತ್ರ ಊರಾಗ ಕಡಿಮೆ ಆಗ್ತಾ ಇದ್ದಾರ.

— 7ನೇ ತರಗತಿ