ತೆಂಗು ನೆಟ್ಟ ಭಾಗವತರು

ನಮ್ಮೂರು ದಂಡಿನಶಿವರದಲ್ಲಿ ಅಟ್ಟದಿಂದ ಇಳಿಸಿದ ಕೊಬ್ಬರಿ ಸುಲಿಯುವಾಗ ನನ್ನ ಅಜ್ಜ ಗುನುಗುತ್ತಿದ್ದುದು ಹೊನ್ನಪ್ಪ ಭಾಗವತರ ಹಾಡುಗಳನ್ನು. ಆ ಗಾಯಕರು ನಟರೂ ನಿರ್ಮಾಪಕರೂ ಆಗಿದ್ದರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ನೆಲಮಂಗಲ ಸೀಮೆಯ ಚೌಡಸಂದ್ರದಲ್ಲಿ 1915ರಲ್ಲಿ ಜನಿಸಿದ ಅವರು, ಗುಬ್ಬಿ ವೀರಣ್ಣನವರ ‘ಸುಭದ್ರಾ’ (1941), ‘ಹೇಮರೆಡ್ಡಿ ಮಲ್ಲಮ್ಮ’ ಚಿತ್ರಗಳಲ್ಲಿ ನಟಿಸಿದರು. ತಮಿಳಿನಲ್ಲೂ ನಾಯಕರಾಗಿ ಮೆರೆದರು. 1944ರಲ್ಲಿ ಎಂ.ಕೆ. ತ್ಯಾಗರಾಜ ಭಾಗವತರು ಬಂಧನಕ್ಕೊಳಗಾದಾಗ ‘ಶ್ರೀ ಮುರುಗನ್’ ಚಿತ್ರದ ಪಾತ್ರ ಇವರ ಪಾಲಿಗೆ ಬಂದಿತು. ಅಲ್ಲಿಯೇ ಸುಖವಾಗಿ ಉಳಿಯಬಹುದಿತ್ತು. ಆದರೆ ಕನ್ನಡ ಚಿತ್ರದ ಮಾರುಕಟ್ಟೆ ಕಿರಿದಾಗಿದ್ದ ಕಾಲದಲ್ಲಿ ನಿರ್ಮಾಪಕರ ಹೊಣೆ ಹೊತ್ತು, 1955ರ ‘ಮಹಾಕವಿ ಕಾಳಿದಾಸ’ದಲ್ಲಿ ತಾವೇ ಕಾಳಿದಾಸರಾದರು. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯ ಮನ್ನಣೆ ದೊರೆಯಿತು. ಬಿ. ಸರೋಜಾದೇವಿ ಎಂಬ ಹೊಸ ಹುಡುಗಿ ಬೆಳಕಿಗೆ ಬಂದದ್ದೂ ಅಲ್ಲಿಯೇ.

2025ರ ಜುಲೈನಲ್ಲಿ ಸರೋಜಾದೇವಿಯವರು ತೀರಿಕೊಂಡಾಗ ಆ ಚಿತ್ರದ ಹೆಸರು ಎಲ್ಲೆಡೆ ಕೇಳಿಬಂದಿತು. 1992ರಲ್ಲೇ ಅಗಲಿದ ಭಾಗವತರ ಹೆಸರು ಮಾತ್ರ ನನ್ನ ಕಿವಿಗೆ ಬಿದ್ದದ್ದು ವಿರಳ. ಗಾಯಕನಿಗೆ ಚಪ್ಪಾಳೆ ಕೂಡಲೇ ಸಲ್ಲುತ್ತದೆ. ನಿರ್ಮಾಪಕನದು ತೆಂಗು ನೆಡುವವನ ಕೆಲಸ; ಫಲ ಉಣ್ಣುವವರು ಮುಂದಿನವರು. ಉಂಡವರು ನೆಟ್ಟವರ ಹೆಸರನ್ನಾದರೂ ಹೇಳಬೇಡವೇ?