ಕಡಲ ತೀರಕ್ಕೆ ಹೋಗುವ ಮುನ್ನ

ಅಕ್ಕಂದಿರೇ, ನಮ್ಮ ಹಲಸೂರು ಕೆರೆ ನಿಮಗೆಲ್ಲ ಗೊತ್ತು. ಗಾಳಿ ಬೀಸಿದರೆ ಸಣ್ಣ ಅಲೆ ಏಳುತ್ತದೆ. ಗಾಳಿ ನಿಂತರೆ ಅಲೆಯೂ ನಿಲ್ಲುತ್ತದೆ.

ಕಡಲು ಹಾಗಲ್ಲ. ದಡದಲ್ಲಿ ಎಲೆ ಅಲ್ಲಾಡದಿದ್ದರೂ ಅಲೆ ಬರುತ್ತಲೇ ಇರುತ್ತದೆ. ಏಕೆ? ಬಹಳ ದೂರದ ಕಡಲಲ್ಲಿ ಬಿರುಗಾಳಿ ಬೀಸಿರುತ್ತದೆ. ಅಲ್ಲಿ ಎದ್ದ ಅಲೆ ದಿನಗಟ್ಟಲೆ ಸಾಗಿ ಬಂದು ನಮ್ಮ ದಡ ಮುಟ್ಟುತ್ತದೆ. ಬಿಸಿಲಿದೆ, ಆಕಾಶ ತಿಳಿಯಾಗಿದೆ, ಇನ್ನೇನು ಭಯ ಅನ್ನೋ ಹಾಗಿಲ್ಲ.

ಈಗ ಬೈಯಪ್ಪನಹಳ್ಳಿಯ ಹೊಸ ಸ್ಟೇಷನ್ನಿನಿಂದಲೇ ಮುರುಡೇಶ್ವರಕ್ಕೆ ರೈಲಿದೆ. ಕೆ.ಆರ್. ಪುರದವರಿಗೆ ಹತ್ತಿರ. ಶಿವಾಜಿನಗರದಿಂದ ವೇಳಾಂಕಣ್ಣಿಗೆ ಹೋಗುವವರೂ ಇದ್ದಾರೆ. ಎರಡು ಕಡೆಯೂ ದೇವರ ದರ್ಶನ ಆದ ಕೂಡಲೇ ಮಕ್ಕಳು ಓಡುವುದು ನೀರಿಗೆ.

ಕೆ.ಆರ್. ಪುರ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಹೋದರೆ ಕೋಲಾರ, ಆಮೇಲೆ ಮುಳಬಾಗಿಲು. ಆ ತಾಲ್ಲೂಕಿನ ವಸತಿ ಶಾಲೆಯ ಮಕ್ಕಳು 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಹೋದರು. 10ನೇ ತಾರೀಕು ನೀರಿಗಿಳಿದರು. ನಾಲ್ಕು ಹುಡುಗಿಯರು ಮುಳುಗಿ ತೀರಿಕೊಂಡರು. ಅದು ಮಳೆಗಾಲವೂ ಅಲ್ಲ. ಬಯಲುಸೀಮೆಯ ಮಕ್ಕಳಿಗೆ ಕಡಲ ಗುಣ ಯಾರು ಹೇಳಿಕೊಡಬೇಕು? ನಾವೇ ತಾನೆ?

ಕಡಲ ಒಂದು ಗುಣವನ್ನು ಸರಿಯಾಗಿ ತಿಳಿಯೋಣ. ಅಲೆಗಳು ನೀರನ್ನು ದಡಕ್ಕೆ ತಂದು ಸುರಿಯುತ್ತವೆ. ಆ ನೀರು ವಾಪಸ್ ಹೋಗಬೇಕಲ್ಲ? ಮರಳಿನಲ್ಲಿ ಎಲ್ಲಿ ತಗ್ಗಿದೆಯೋ ಅಲ್ಲಿ ಸೇರಿ, ಕಾಲುವೆಯ ಹಾಗೆ ಕಡಲ ಒಳಕ್ಕೆ ಹರಿಯುತ್ತದೆ. ಇದೇ ಸೆಳೆತ. ಮೋಸ ಏನೆಂದರೆ, ಆ ಜಾಗದಲ್ಲಿ ಬಿಳಿ ನೊರೆ ಕಡಿಮೆ. ಅಲೆ ಒಡೆಯುವುದೂ ಕಡಿಮೆ. ನೋಡಿದರೆ ಅಲ್ಲೇ ನೀರು ಶಾಂತವಾಗಿದೆ ಅನ್ನಿಸುತ್ತದೆ. ಜನ ಅಲ್ಲಿಗೇ ಮಗುವನ್ನು ಕರೆದುಕೊಂಡು ಹೋಗುತ್ತಾರೆ!

ಸೆಳೆತ ಮನುಷ್ಯರನ್ನು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ದಡದ ಕಡೆಗೇ ಈಜಲು ಹೋಗಿ ಸುಸ್ತಾದವರು ಮುಳುಗುತ್ತಾರೆ. ಸಿಕ್ಕಿಕೊಂಡರೆ ಅಂಗಾತ ತೇಲಬೇಕು, ಕೈ ಎತ್ತಿ ಕೂಗಬೇಕು. ಈಜು ಬಂದರೆ ದಡದ ಉದ್ದಕ್ಕೆ, ಅಡ್ಡವಾಗಿ ಈಜಬೇಕು. ಸೆಳೆತದ ಅಗಲ ಹೆಚ್ಚಿರುವುದಿಲ್ಲ. ಅದನ್ನು ದಾಟಿದ ಮೇಲೆ ದಡಕ್ಕೆ ಬರಬಹುದು.

ನಮ್ಮ ಸೀರೆಯ ವಿಷಯವನ್ನೂ ಹೇಳಬೇಕು. ಒದ್ದೆ ಸೀರೆ ಭಾರ, ಕಾಲಿಗೆ ಸುತ್ತಿಕೊಳ್ಳುತ್ತದೆ. ಮೊಣಕಾಲುದ್ದ ನೀರಿನಲ್ಲೂ ಅಲೆ ಬೀಳಿಸಬಹುದು. ಬಿದ್ದರೆ ಏಳುವುದು ಕಷ್ಟ. ಸೀರೆ ಉಟ್ಟಿದ್ದರೆ ಪಾದ ನೆನೆಯುವಷ್ಟು ಸಾಕು. ಫೋಟೋಗೆ ಅಂತ ಕಡಲಿಗೆ ಬೆನ್ನು ಹಾಕಿ ನಿಲ್ಲಬೇಡಿ.

ಯಾರಾದರೂ ಮುಳುಗುತ್ತಿದ್ದರೆ? ಕರುಳು ತಡೆಯದು, ಹಾರಿಬಿಡೋಣ ಅನ್ನಿಸುತ್ತದೆ. ಹಾರಿದರೆ ಇಬ್ಬರೂ ಹೋಗಬಹುದು. ಮುಚ್ಚಳ ಬಿಗಿದ ಖಾಲಿ ಕ್ಯಾನು ಎಸೆಯಿರಿ, ಅದನ್ನು ಹಿಡಿದು ತೇಲಬಹುದು. ಜೀವರಕ್ಷಕರನ್ನು ಕೂಗಿ ಕರೆಯಿರಿ. 112ಕ್ಕೆ ಫೋನ್ ಮಾಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಮುಂಗಾರು. ಆಗ ನೀರಿಗೆ ಇಳಿಯಲೇಬಾರದು. ಉಳಿದ ತಿಂಗಳಲ್ಲಿ ಕೆಂಪು ಬಾವುಟ ಇದೆಯೇ ನೋಡಿ. ಹೊರಡುವ ಹಿಂದಿನ ದಿನ ರೇಡಿಯೋದಲ್ಲಿ ಹವಾಮಾನ ಕೇಳಿ. ಎತ್ತರದ ಅಲೆಯ ಎಚ್ಚರಿಕೆ ಇದ್ದರೆ ದೂರದಿಂದಲೇ ನೋಡಿ. ತೀರದಲ್ಲಿ ಬಲೆ ಸರಿಮಾಡುತ್ತಾ ಕೂತ ಮೀನುಗಾರರಿಗೆ ಅಲ್ಲಿನ ತಗ್ಗುಗಳು ಗೊತ್ತಿರುತ್ತವೆ. "ಅಣ್ಣಾ, ಸೆಳೆತ ಎಲ್ಲಿದೆ?" ಅಂತ ಕೇಳಿ, ಕೈ ಮಾಡಿ ತೋರಿಸುತ್ತಾರೆ.