ಚುಕ್ಕಾಣಿಗೆ ಸೂರು ಬೇಕೆ?

ನಮ್ಮಲ್ಲಿ ದೋಣಿಯೆಂದರೆ ಹೊಳೆ ದಾಟುವ ಸಾಧನ. ಅಂಬಿಗ ಮಳೆಗೆ ಗೊರಬು ಹೊದ್ದು ನಿಂತರೆ ಅಲ್ಲಿಗೆ ಮುಗಿಯಿತು. ಇಂಗ್ಲೆಂಡಿನ ಪೂರ್ವಭಾಗದ ನಾರ್ಫೋಕ್ ಬ್ರಾಡ್ಸ್‌ನಲ್ಲಿ ಹಾಗಲ್ಲ. ಬ್ಯೂರ್, ಥರ್ನ್, ಯೇರ್ ಮೊದಲಾದ ನದಿಗಳೂ ಅವಕ್ಕೆ ಕೂಡಿಕೊಂಡ ಕೆರೆಗಳೂ ಸೇರಿ ಅಲ್ಲಿ ಸುಮಾರು 200 ಕಿಲೋಮೀಟರ್ ಜಲಮಾರ್ಗವಿದೆ. ಜನ ಕುಟುಂಬಸಮೇತ ಮೋಟಾರು ದೋಣಿಯನ್ನು ಬಾಡಿಗೆಗೆ ಹಿಡಿದು, ಅದರಲ್ಲಿಯೇ ಅಡುಗೆ, ನಿದ್ದೆ ಮಾಡಿಕೊಂಡು ವಾರಗಟ್ಟಲೆ ತಿರುಗುತ್ತಾರೆ. ವಿದೇಶದಲ್ಲಿರುವ ಮಕ್ಕಳ ಬಳಿಗೆ ಹೋಗಿಬರುವ ಸದಸ್ಯರು ಈಗ ಅನೇಕರಿರುವುದರಿಂದ ಈ ವಿಷಯವನ್ನು ಎತ್ತಿಕೊಂಡಿದ್ದೇವೆ. ದೋಣಿ ಆರಿಸುವಾಗ ಏಳುವ ಪ್ರಶ್ನೆ ಇಷ್ಟೆ: ಚುಕ್ಕಾಣಿ ಹಿಡಿಯುವ ಜಾಗ ತೆರೆದಿರಬೇಕೇ, ಗಾಜು ಮತ್ತು ಚಾವಣಿಯಿಂದ ಮುಚ್ಚಿರಬೇಕೇ?

ಮಳೆಯೊಂದನ್ನೇ ನೋಡಿದರೆ ಮುಚ್ಚಿದ್ದೇ ವಾಸಿ. ಏಪ್ರಿಲ್, ಅಕ್ಟೋಬರ್‌ಗಳ ಚಳಿಗಾಳಿಯಲ್ಲಿ ಗಂಟೆಗಟ್ಟಲೆ ಚಕ್ರ ಹಿಡಿದು ಕೂರುವುದು ಸುಖದ ಮಾತಲ್ಲ. ಆದರೆ ಗಾಜಿನ ಮೇಲೆ ಆವಿ ಕಟ್ಟುತ್ತದೆ, ಹಿಂಬದಿ ಸರಿಯಾಗಿ ಕಾಣದು. ದಡಕ್ಕೆ ಕಟ್ಟುವ ಹೊತ್ತಿಗೆ ಹಗ್ಗ ಹಿಡಿದವರ ಕೂಗು ಒಳಗೆ ಕೇಳಿಸುವುದಿಲ್ಲ. ತೆರೆದ ದೋಣಿಯಲ್ಲಿ ಈ ತೊಂದರೆಗಳಿಲ್ಲ.

ಇವೆಲ್ಲಕ್ಕಿಂತ ದೊಡ್ಡ ವಿಷಯ ಸೇತುವೆ. ಥರ್ನ್ ನದಿಯ ಮೇಲೆ ಪಾಟರ್ ಹೈಯಮ್ ಎಂಬಲ್ಲಿ ಮಧ್ಯಯುಗದ ಕಲ್ಲಿನ ಸೇತುವೆಯೊಂದಿದೆ. ನಡುಕಮಾನಿನ ಕೆಳಗೆ ಸಿಗುವ ಎತ್ತರ ಆರೂವರೆ ಅಡಿಯ ಆಸುಪಾಸು ಮಾತ್ರ. ಸಮುದ್ರದ ಉಬ್ಬರವಿಳಿತ ನದಿಗೂ ತಟ್ಟುವುದರಿಂದ ಅದೂ ಸ್ಥಿರವಲ್ಲ. ತೆರೆದ ಚುಕ್ಕಾಣಿಯ ದೋಣಿಯಾದರೆ ಕ್ಯಾನ್ವಾಸ್ ಸೂರನ್ನೂ ಮುಂಗಾಜನ್ನೂ ಮಡಿಸಿ, ಎಲ್ಲರೂ ತಲೆ ತಗ್ಗಿಸಿ ಕುಳಿತು ನುಸುಳಲಾದೀತು. ಗಟ್ಟಿ ಚಾವಣಿಯನ್ನು ಮಡಿಸುವಂತಿಲ್ಲ. ಸೂರು ಇಳಿಸುವ ಕೆಲಸ ಸೇತುವೆ ಕಣ್ಣಿಗೆ ಬಿದ್ದ ಮೇಲಲ್ಲ, ಬಹಳ ಮುಂಚೆಯೇ ಆಗಬೇಕು.

ಹಾಗೆಂದು ತೆರೆದ ದೋಣಿಯನ್ನು ಹಿಡಿದವರು ಮಾಡುವುದೇನು? ಸಂಜೆ ಚಳಿಯೆಂದು ಕ್ಯಾನ್ವಾಸನ್ನು ಸುತ್ತಲೂ ಎಳೆದು ಗುಂಡಿ ಹಾಕಿಬಿಡುತ್ತಾರೆ. ಅಪಾಯವಿರುವುದು ಇಲ್ಲಿ. ಮಳೆಗಾಲದಲ್ಲಿ ಬಾಗಿಲು ಮುಚ್ಚಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವರ ಗತಿ ನಮಗೆ ಹೊಸದಲ್ಲ. ಇದೂ ಅದೇ ಕಾರ್ಬನ್ ಮೊನಾಕ್ಸೈಡ್, ಬಣ್ಣವಿಲ್ಲ, ವಾಸನೆಯಿಲ್ಲ. 2016ರ ಜೂನ್‌ನಲ್ಲಿ ರಾಕ್ಸಮ್ ಬ್ರಾಡ್ ಕೆರೆಯಲ್ಲಿ ನಿಂತಿದ್ದ ಖಾಸಗಿ ದೋಣಿಯೊಂದರಲ್ಲಿ ಪೆಟ್ರೋಲ್ ಎಂಜಿನ್ನಿನ ಹೊಗೆ ಒಳಸೇರಿ ಇಬ್ಬರು ಸತ್ತರು. ದೋಣಿಯಲ್ಲಿ ಎಚ್ಚರಿಕೆ ಗಂಟೆ ಇರಲಿಲ್ಲ. ಡೀಸೆಲ್ ಹೊಗೆಯಲ್ಲಿ ಈ ಅನಿಲ ಕಡಿಮೆ, ಇಲ್ಲವೇ ಇಲ್ಲವೆಂದಲ್ಲ. ಗ್ಯಾಸ್ ಒಲೆಯನ್ನೂ ಮರೆಯಬಾರದು. ನಿಧಾನವಾಗಿ ಸಾಗುವಾಗ ಹಿಂದಿನಿಂದ ಗಾಳಿ ಬೀಸಿದರೆ ನಮ್ಮದೇ ಹೊಗೆ ನಮ್ಮ ಮೇಲೆಯೇ ಬರುತ್ತದೆ.

ನಮ್ಮನ್ನು ಕೇಳಿದರೆ, ಬೇಸಿಗೆಯ ತಿರುಗಾಟಕ್ಕೆ, ಅದರಲ್ಲೂ ಪಾಟರ್ ಹೈಯಮ್‌ನಿಂದ ಮೇಲಕ್ಕೆ ಹೋಗುವ ಆಸೆಯಿದ್ದರೆ, ಮಡಿಸುವ ಸೂರಿನ ತೆರೆದ ದೋಣಿಯೇ ಸರಿ. ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಮುಂದೆ ಹಿಂದೆ ಎರಡೂ ಕಡೆ ಗಾಳಿಗೆ ದಾರಿ ಬಿಟ್ಟಿರಬೇಕು. ವಯಸ್ಸಾದವರೂ ಎಳೆಮಕ್ಕಳೂ ಜೊತೆಗಿದ್ದರೆ ಗಾಜಿನ ಕೋಣೆಯದನ್ನೇ ಹಿಡಿದು ತಗ್ಗಿನ ಸೇತುವೆಗಳ ಈಚೆಗೇ ಇರುವುದು ಮೇಲು. 2019ರ ಏಪ್ರಿಲ್‌ನಿಂದ ಅಲ್ಲಿ ವಾಸದ ಕೋಣೆಯಿರುವ ದೋಣಿಗಳಿಗೆ ಎಚ್ಚರಿಕೆ ಗಂಟೆ ಕಡ್ಡಾಯವಾಗಿದೆ. ದೋಣಿಯನ್ನು ಒಪ್ಪಿಸಿಕೊಳ್ಳುವಾಗಲೇ ಅದರ ಗುಂಡಿಯನ್ನೊತ್ತಿ ಸದ್ದು ಬರುತ್ತದೆಯೇ ಎಂದು ನೋಡಿಕೊಳ್ಳಿ.